ಮೇ ತಿಂಗಳ ಗೋಲು, ಡಿಸೆಂಬರಿನ ಗೋಲು

1961ರ ಡಿಸೆಂಬರ್ ಮೊದಲ ವಾರ, ಶಿಡ್ಲಘಟ್ಟ ಫುಟ್‌ಬಾಲ್ ತಂಡದ ಸೆಕ್ರೆಟರಿಯವರು ಚಿಂತಾಮಣಿಯ ಎದುರಿನ ಕೊನೆಯ ಪಂದ್ಯಕ್ಕೆ ಸೆಂಟರ್ ಫಾರ್ವರ್ಡನನ್ನು ಕೈಬಿಡುವುದಾಗಿ ಹೇಳಿದರು. ಕಾರಣವನ್ನೂ ಕೊಟ್ಟರು: ಹಿಂದಿನ ಸೀಸನ್ನಿನಲ್ಲಿ ಆರು ಪಂದ್ಯಕ್ಕೆ ಒಂಬತ್ತು ಗೋಲು, ಈ ಸಲ ಐದು ಪಂದ್ಯಕ್ಕೆ ಐದು. ಗೌರಿಬಿದನೂರಿನಲ್ಲಿ ಒಂದೂ ಇಲ್ಲ.

ಲೆಕ್ಕದಲ್ಲಿ ತಪ್ಪಿರಲಿಲ್ಲ. ಎರಡೂ ಸೀಸನ್ನಿನ ಪಂದ್ಯಗಳನ್ನು ನಾನೇ ಬೆಂಗಳೂರಿನ ಒಂದು ಪತ್ರಿಕೆಗೆ ಬರೆದು ಕಳಿಸುತ್ತಿದ್ದೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎಂಬ ನಾಲ್ಕು ಊರಿನ ತಂಡಗಳು ಒಂದು ಶೀಲ್ಡಿಗಾಗಿ ಆಡುತ್ತಿದ್ದವು. ಪತ್ರಿಕೆ ಪ್ರತಿ ಪಂದ್ಯಕ್ಕೆ ಎರಡು ಸಾಲು ಕೊಡುತ್ತಿತ್ತು. ಗೋಲು ಹೊಡೆದವರ ಹೆಸರಿಗೆ ಆ ಎರಡು ಸಾಲಿನಲ್ಲಿ ಜಾಗವಿರಲಿಲ್ಲ.

ಸೆಂಟರ್ ಫಾರ್ವರ್ಡ್ ನನ್ನ ಜೊತೆ ಹೈಸ್ಕೂಲಿನಲ್ಲಿ ಓದಿದವನು. ಅವನ ಅಣ್ಣ ರೇಷ್ಮೆಗೂಡು ಬೇಯಿಸಿ ನೂಲು ತೆಗೆಸುವ ಘಟಕ ನಡೆಸುತ್ತಿದ್ದರು. ಇವನು ಅಲ್ಲೇ ಕೆಲಸ ಮಾಡುತ್ತಿದ್ದ. ಸಂಜೆ ಅವನು ಮನೆಯ ಹಿಂದೆ ಒಬ್ಬನೇ ಗೋಡೆಗೆ ಚೆಂಡು ಒದೆಯುತ್ತಿದ್ದಾಗ ಹೋಗಿ ಸುದ್ದಿ ತಿಳಿಸಿದೆ. ಚೆಂಡನ್ನು ಕಾಲಿನಡಿ ಒತ್ತಿ ನಿಲ್ಲಿಸಿದ.

‘ಭಾಯಿ ಏನು ಹೇಳಿದಾರೆ ಗೊತ್ತೇನೋ? ಟೀಮ್‌ನಲ್ಲಿ ಇರೋವರೆಗೂ ಐದು ಗಂಟೆಗೆ ಬಿಡ್ತೀನಿ, ಹೆಸರು ಹೋದ ದಿನ ಗೂಡಿನ ಲೆಕ್ಕ ನೋಡ್ಕೊಂಡು ರಾತ್ರಿವರೆಗೂ ಕೂತ್ಕೋಬೇಕು ಅಂತ. ಒಂದು ಮ್ಯಾಚಿಂದ ತೆಗೆದ್ರೆ ಆಟದಿಂದಲೇ ತೆಗೆದಂಗೆ ಕಣೋ.’

‘ಮಾತಾಡಿ ನೋಡ್ತೀನಿ.’

‘ಮಾತಿಗೆ ಬಗ್ಗೋ ಮನುಷ್ಯ ಅಲ್ಲ ಅವ್ರು. ಲೆಕ್ಕ ತಗೊಂಡು ಹೋಗು.’

ಸೆಕ್ರೆಟರಿಯವರದು ಬಟ್ಟೆ ಅಂಗಡಿ. ಮಂಡಿಕಲ್ ಕಡೆಯ ಜಮೀನುದಾರರ ಮನೆತನ. ಹೊಲ ಅಣ್ಣತಮ್ಮಂದಿರಿಗೆ ಬಿಟ್ಟು ಪೇಟೆಗೆ ಬಂದವರು. ನನ್ನನ್ನು ಕಂಡ ಕೂಡಲೇ ಗಜಕೋಲು ಎತ್ತಿದರು.

‘ಬಾಪ್ಪ ಪೇಪರ್ನೋನೆ. ಗೆಳೆಯನ ಪರವಾಗಿ ವಕಾಲತ್ತಿಗೆ ಬಂದ್ಯಾ?’

‘ಅವನ ಬದಲು ಯಾರು, ಯಜಮಾನ್ರೆ?’

‘ಬೆಂಗಳೂರಲ್ಲಿ ಕಾಲೇಜು ಓದೋ ಹುಡುಗ ಬಂದಿದಾನೆ. ಬೂಟ್ ಹಾಕ್ಕೊಂಡು ಆಡ್ತಾನೆ. ನಮ್ಮೋನು ಬರಿಗಾಲು, ಗೌರಿಬಿದನೂರಲ್ಲಿ ಬರಿಗೈ ಬೇರೆ!’

ಅಂಗಡಿಯಲ್ಲಿದ್ದವರು ನಕ್ಕರು. ಎರಡು ಸೀಸನ್ನಿನ ಅಂಕಿಗಳನ್ನು ಬಟ್ಟೆ ಸುತ್ತುವ ಕಾಗದದ ಮೇಲೆ ಅಕ್ಕಪಕ್ಕ ಬರೆದೆ. ಆಗ ತಂಡದ್ದು ಹದಿನೆಂಟು ಗೋಲು, ಅಂದರೆ ಪಂದ್ಯಕ್ಕೆ ಮೂರು. ಈಗ ಹತ್ತು, ಪಂದ್ಯಕ್ಕೆ ಎರಡು. ಇಳಿದಿದ್ದು ಅವನೊಬ್ಬನಲ್ಲ, ಇಡೀ ತಂಡ. ಅದನ್ನೇ ಹೇಳಿದೆ.

‘ಹಂಗಾದ್ರೆ ಹನ್ನೊಂದು ಜನಾನೂ ತೆಗೀಲಾ?’ ಎಂದರು ಸೆಕ್ರೆಟರಿ. ನಾನು ಅಂಕಿಗಳನ್ನು ಮತ್ತೆ ಕೂಡತೊಡಗಿದೆ. ಅವರು ಎದ್ದು ಲಾಟೀನು ಇಳಿಸಿ ಬತ್ತಿ ಹೊತ್ತಿಸುತ್ತ ಗೊಣಗಿದರು. ‘ಇದೆಂಥಾ ಕಾಲಾನಪ್ಪ! ಇನ್ನೂ ಆರು ಹೊಡೆದಿಲ್ಲ, ಆಗ್ಲೇ ದೀಪ. ಬೇಸಿಗೇಲಿ ಇಷ್ಟೊತ್ತಲ್ಲಿ ಜಗಲಿ ಮೇಲೆ ಕೂತು ಪೇಪರ್ ಓದ್ತಿದ್ದೆ.’

ನನ್ನ ಪೆನ್ಸಿಲ್ ಅಲ್ಲೇ ನಿಂತಿತು.

ಹಿಂದಿನ ಸೀಸನ್ ಅದೇ ವರ್ಷದ ಏಪ್ರಿಲ್, ಮೇ ತಿಂಗಳುಗಳಲ್ಲಿ ನಡೆದಿತ್ತು. ಬಿಸಿಲು ತಡೆಯಲಾಗದೆಂದು ಶೀಲ್ಡಿನವರು ಈ ಸಲ ಅದನ್ನು ಚಳಿಗಾಲಕ್ಕೆ ತಂದಿದ್ದರು. ನಾಲ್ಕೂ ಊರಿನಲ್ಲಿ ಆಟ ಶುರುವಾಗುತ್ತಿದ್ದುದು ಕೆಲಸ ಬಿಡುವ ಐದು ಗಂಟೆಗೆ, ಮುಗಿಯುತ್ತಿದ್ದುದು ಸೂರ್ಯ ಮುಳುಗಿದಾಗ. ನಮ್ಮೂರಿನಲ್ಲಿ ಮಸೀದಿಯ ಸಂಜೆಯ ಆಜಾನ್ ಕೇಳಿದರೆ ರೆಫರಿ ಕೊನೆಯ ಸೀಟಿ ಊದುತ್ತಿದ್ದರು. ಇದು ಎಷ್ಟು ರೂಢಿಯಾಗಿತ್ತೆಂದರೆ ಅದನ್ನು ಯಾರೂ ನಿಯಮವೆಂದು ಕರೆಯುತ್ತಿರಲಿಲ್ಲ. ಪಂದ್ಯ ಎಂದರೆ ಪಂದ್ಯ. ಒಂದು ಇನ್ನೊಂದರಷ್ಟೇ ಉದ್ದ ಎಂದು ಎಲ್ಲರೂ ನಂಬಿದ್ದೆವು.

‘ಯಜಮಾನ್ರೆ, ಡ್ರಿಲ್ ಮೇಷ್ಟ್ರನ್ನ ಕರೆಸಿ. ಪಂಚಾಂಗ ತರೋಕೆ ಹೇಳಿ’ ಎಂದೆ.

‘ಯಾಕಪ್ಪ, ಮ್ಯಾಚಿಗೆ ಮುಹೂರ್ತ ಇಡ್ತೀಯಾ?’

ಡ್ರಿಲ್ ಮೇಷ್ಟ್ರೇ ನಮ್ಮ ರೆಫರಿ. ಪಂದ್ಯದ ದಿನ ಬೆಳಿಗ್ಗೆ ಪಂಚಾಂಗದಲ್ಲಿ ಸೂರ್ಯಾಸ್ತ ನೋಡಿ, ಅದರ ಪ್ರಕಾರ ಹಾಫ್ ಟೈಮ್ ಗೊತ್ತುಮಾಡುವುದು ಅವರ ಪದ್ಧತಿ. ಎರಡು ಅಂಗಡಿಯಾಚೆ ಕಾಫಿ ಕುಡಿಯುತ್ತಿದ್ದವರು ಪಂಚಾಂಗ ಹಿಡಿದೇ ಬಂದರು. ಯುಗಾದಿಯಿಂದ ಯುಗಾದಿಯವರೆಗಿನ ಆ ಒಂದೇ ಪುಸ್ತಕದಲ್ಲಿ ನಮ್ಮ ಎರಡೂ ಸೀಸನ್ ಇದ್ದವು.

ಅವರು ಓದಿದರು, ನಾನು ಬರೆದೆ. ಬೇಸಿಗೆಯ ಪಂದ್ಯಗಳ ದಿನ ಸೂರ್ಯಾಸ್ತ ಆರೂವರೆ ದಾಟಿದ ಮೇಲೆ. ಈಗ ಆರಕ್ಕೂ ಮೊದಲೇ. ನಡುವಿನ ವಿರಾಮ ಕಳೆದರೆ ಆಗಿನ ಆಟ ಹೆಚ್ಚುಕಡಿಮೆ ಎಂಬತ್ತೈದು ನಿಮಿಷ, ಈಗಿನದು ಐವತ್ತು. ಒಂಬತ್ತು ಗೋಲಿಗೆ ಐನೂರ ಹತ್ತು ನಿಮಿಷ, ಐದು ಗೋಲಿಗೆ ಇನ್ನೂರ ಐವತ್ತು. ಎರಡನ್ನೂ ಭಾಗಿಸಿದೆ. ಬೇಸಿಗೆಯಲ್ಲಿ ಅವನ ಒಂದು ಗೋಲಿಗೆ ಐವತ್ತೇಳು ನಿಮಿಷ ಬೇಕಾಗಿತ್ತು. ಚಳಿಗಾಲದಲ್ಲಿ ಐವತ್ತು ಸಾಕಾಗಿತ್ತು. ತಂಡದ ಲೆಕ್ಕವೂ ಹಾಗೆಯೇ ತಿರುಗಿತು: ಆಗ ಇಪ್ಪತ್ತೆಂಟು ನಿಮಿಷಕ್ಕೊಂದು ಗೋಲು, ಈಗ ಇಪ್ಪತ್ತೈದಕ್ಕೆ.

ಮೇಷ್ಟ್ರು ಕಾಗದ ಎಳೆದುಕೊಂಡು ಇನ್ನೊಮ್ಮೆ ಭಾಗಿಸಿದರು. ‘ಸರಿಯಾಗೈತಲ್ರೀ!’ ಎಂದು ತೊಡೆ ತಟ್ಟಿದರು.

‘ಐದು ಮ್ಯಾಚು ತುಂಬ ಕಮ್ಮಿ’ ಎಂದೆ. ‘ಅವನು ಮೇಲೆ ಬಂದಿದಾನೆ ಅಂತ ಇದ್ರಿಂದ ಹೇಳಕ್ಕಾಗಲ್ಲ. ಕೆಳಗೆ ಹೋಗಿದಾನೆ ಅಂತಾನೂ ಹೇಳಕ್ಕಾಗಲ್ಲ.’

ಸೆಕ್ರೆಟರಿ ಮಾತ್ರ ಕೊನೆಯ ಅಂಕಿಯನ್ನೇ ನೋಡುತ್ತಿದ್ದರು. ‘ಐವತ್ತು ನಿಮಿಷಕ್ಕೊಂದು. ನಾಳಿದ್ದಿನ ಆಟಾನೂ ಐವತ್ತು ನಿಮಿಷ. ಅಂದ್ರೆ ಒಂದು ಬರ್ಬೇಕು. ಆಗ್ಲಿ, ಆಡ್ಲಿ. ಬರ್ಲಿಲ್ಲ ಅಂದ್ರೆ ಇದೇ ಕಾಗದದಲ್ಲಿ ನಿನ್ನ ಸುತ್ತಿ ಚಿಂತಾಮಣಿ ಬಸ್ಸಿಗೆ ಹಾಕ್ತೀನಿ.’

ಪಂದ್ಯದ ದಿನ ಮೈದಾನದ ಸುತ್ತ ನಿಲ್ಲಲು ಜಾಗವಿರಲಿಲ್ಲ. ಚಿಂತಾಮಣಿಯಿಂದ ಬಸ್ಸಿನ ಮೇಲೆಯೂ ಕೂತು ಜನ ಬಂದಿದ್ದರು. ಅವರಿಗೆ ಡ್ರಾ ಆದರೂ ಶೀಲ್ಡ್ ಸಿಗುತ್ತಿತ್ತು. ನಮಗೆ ಗೆಲುವೇ ಬೇಕಿತ್ತು. ಮೊದಲ ಗೋಲು ಅವರದೇ. ‘ಕೊಟ್ರಾ, ಇಂಕೋಟಿ ಕೊಟ್ರಾ!’ ಎಂದು ತೆಲುಗಿನಲ್ಲಿ ಇನ್ನೊಂದು ಹೊಡೆಯಲು ಕೂಗುತ್ತ ಅವರ ಕಡೆಯವರು ಟವೆಲ್ ಬೀಸಿದರು. ವಿರಾಮಕ್ಕೆ ಮುಂಚೆ ನಮ್ಮ ಬಲಬದಿಯ ಆಟಗಾರ ದೂರದಿಂದ ಒದ್ದ ಚೆಂಡು ಕಂಬಕ್ಕೆ ತಗುಲಿ ಒಳಗೆ ಹೋಯಿತು. ಒಂದಕ್ಕೊಂದು.

ಎರಡನೆಯ ಅವಧಿಯಲ್ಲಿ ನಮ್ಮ ಸೆಂಟರ್ ಫಾರ್ವರ್ಡ್‌ಗೆ ಇಬ್ಬರು ಕಾವಲು. ಒಮ್ಮೆ ಒದ್ದದ್ದು ಅಡ್ಡಕಂಬದ ಮೇಲಿಂದ ಹಾರಿಹೋಯಿತು. ಇನ್ನೊಮ್ಮೆ ಗೋಲ್‌ಕೀಪರನ ಎದೆಗೆ ಬಡಿಯಿತು. ಸೆಕ್ರೆಟರಿ ಗಡಿಯಾರ ಹಿಡಿದು ನನ್ನ ಪಕ್ಕದಲ್ಲೇ ನಿಂತಿದ್ದರು.

‘ನಲವತ್ತಾಯ್ತು. ಎಲ್ಲಪ್ಪಾ ನಿನ್ನ ಗೋಲು?’

ನಾನು ಸೂರ್ಯನ ಕಡೆ ನೋಡಿದೆ.

‘ನಲವತ್ತೈದು. ಕಾಗದ ಅಂಗಡೀಲೇ ಐತೆ.’

ಮೈದಾನದ ಪಶ್ಚಿಮದ ಅಂಚು ಕೆಂಪಾಯಿತು. ಡ್ರಿಲ್ ಮೇಷ್ಟ್ರು ಸೀಟಿಯನ್ನು ತುಟಿಯ ಹತ್ತಿರ ತಂದು ಇಟ್ಟುಕೊಂಡೇ ಓಡುತ್ತಿದ್ದರು. ನಮಗೆ ಕಾರ್ನರ್ ಸಿಕ್ಕಿತು. ಎಡಮೂಲೆಯಿಂದ ಚೆಂಡು ಎತ್ತರಕ್ಕೆ ಬಂತು. ಕಾವಲಿನವರಿಬ್ಬರೂ ಹಾರಿದರು. ಅವನು ಹಾರಲಿಲ್ಲ, ಚೆಂಡು ಅವರನ್ನು ದಾಟಿ ಕೆಳಗೆ ಬರುವವರೆಗೂ ಕಾದು ಬಗ್ಗಿ ತಲೆ ಕೊಟ್ಟ. ಬಲೆ ಇರಲಿಲ್ಲವಾದ್ದರಿಂದ ಚೆಂಡು ಕಂಬಗಳ ನಡುವೆ ನುಗ್ಗಿ ಹಿಂದಿನ ಹುರುಳಿ ಹೊಲದವರೆಗೂ ಉರುಳಿತು. ಸೆಕ್ರೆಟರಿ ನನ್ನ ಕೊರಳಪಟ್ಟಿ ಹಿಡಿದು ಕುಣಿಯುತ್ತಿದ್ದರು. ಹೊಲಕ್ಕೆ ಹೋದವನು ಚೆಂಡು ತರುವ ಮೊದಲೇ ಆಜಾನ್ ಕೇಳಿಸಿತು. ಮೇಷ್ಟ್ರು ಸೀಟಿ ಊದಿದರು.

ಮೂರನೆಯ ದಿನ ಪತ್ರಿಕೆಯಲ್ಲಿ ಎರಡು ಸಾಲು ಬಂತು: ಶಿಡ್ಲಘಟ್ಟ ಚಿಂತಾಮಣಿಯನ್ನು ಎರಡಕ್ಕೆ ಒಂದು ಗೋಲಿನಿಂದ ಸೋಲಿಸಿ ಶೀಲ್ಡ್ ಗೆದ್ದಿದೆ.

ಮುಂದಿನ ಸೀಸನ್ 1962ರ ನವೆಂಬರಿನಲ್ಲಿ ಚಿಕ್ಕಬಳ್ಳಾಪುರದಲ್ಲಿ ಶುರುವಾಯಿತು. ಸೆಂಟರ್ ಫಾರ್ವರ್ಡ್ ಐದು ಗಂಟೆಗೆ ಮೊದಲೇ ಮೈದಾನದಲ್ಲಿದ್ದ. ಅವನ ಅಣ್ಣ ಕೆಲಸ ಬೇಗ ನಿಲ್ಲಿಸಿ ತಂಡ ಬಂದ ಬಸ್ಸಿನಲ್ಲೇ ಆಟ ನೋಡಲು ಬಂದಿದ್ದರು.