ಹುರುಳಿ ಹಾಸಿದ ರಸ್ತೆ

ಬೈಕ್ ಜಾರಿ ಯಾರಾದರೂ ಬೀಳಬಹುದಿತ್ತು. ರಸ್ತೆಗೆ ಹಾಸಿದ ಒಣ ಹುರುಳಿ ಬಳ್ಳಿ ಕಾರಿನ ಅಡಿಗೆ ಸುತ್ತಿಕೊಂಡು ಬೆಂಕಿ ಹತ್ತಬಹುದಿತ್ತು. ಆ ಕಾರಿನಲ್ಲಿ ವಕೀಲರೇ ಕೂತಿರಬಹುದಿತ್ತು. ಆಮೇಲೆ ಕೋರ್ಟು, ನನ್ನ ಅಮಾನತು, ಮದುವೆಮನೆಯ ಪಂಕ್ತಿಯಲ್ಲಿ ನನ್ನ ಪಕ್ಕದ ಎಲೆ ಖಾಲಿ. ಹುಣಸೂರಿನಿಂದ ಹನಗೋಡಿನ ಕಡೆ ಹೊರಟ ಜೀಪಿನ ಹಿಂದಿನ ಸೀಟಿನಲ್ಲಿ ಕೂತು ಇಷ್ಟನ್ನೂ ಯೋಚಿಸಿ ಮುಗಿಸಿದ್ದೆ.

ತೊಂಬತ್ತರ ದಶಕದ ಕೊನೆಯ ಮಾತು. ಆ ರಸ್ತೆಯ ಉಸ್ತುವಾರಿ ಎಂಜಿನಿಯರ್ ನಾನು. ಗುಂಡಿ ಬಿದ್ದರೂ ನಾನು, ಮರ ಬಿದ್ದರೂ ನಾನು. ರಸ್ತೆಯ ಮೇಲೆ ಅಡ್ಡಿ ಹಾಕುವುದು ಕಾನೂನಿಗೆ ವಿರುದ್ಧ. ಕಂಡೂ ತೆಗೆಸದಿದ್ದರೆ ಜವಾಬ್ದಾರಿ ನಮ್ಮ ತಲೆಗೆ. ಆದರೆ ಹುರುಳಿ ಕಿತ್ತ ಕಾಲಕ್ಕೆ ನಮ್ಮ ಕಡೆ ಕಾನೂನಿಗೆ ರಜೆ. ಸಗಣಿ ಸಾರಿಸಿ ಕಣ ಮಾಡುವ ಕಷ್ಟ ಯಾರಿಗೂ ಬೇಡ. ಗಿಡವನ್ನು ಡಾಂಬರಿನ ಮೇಲೆ ಹರಡಿದರೆ ಬಸ್ಸು, ಲಾರಿಗಳೇ ಒಕ್ಕಣೆ ಮಾಡಿಕೊಡುತ್ತವೆ.

ಹಾಗೆ ಹರಡುವವರಲ್ಲಿ ನಮ್ಮಕ್ಕನೂ ಒಬ್ಬಳು. ಅವಳ ಮನೆ ರಸ್ತೆಯ ಅಂಚಿಗೇ ಇತ್ತು. ನಮ್ಮವ್ವ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಅವಳೇ. ನನ್ನನ್ನು 'ಲೇ' ಅನ್ನಲು ಭೂಮಿಯ ಮೇಲೆ ಉಳಿದಿದ್ದದ್ದೂ ಅವಳೊಬ್ಬಳೇ. ಹಿಂದಿನ ವಾರವಷ್ಟೇ ಹೋಗಿ, "ಅಕ್ಕ, ಯಾರಾರ ಬಿದ್ರೆ ನನ್ ಕೆಲಸ ಹೋಯ್ತದೆ" ಎಂದು ಗೋಗರೆದಿದ್ದೆ.

"ಲೇ, ಬಸ್ಸು ಎಂಗಿದ್ರೂ ಓಯ್ತದೆ ತಾನೆ? ನಮ್ ಉಳ್ಳಿ ತುಳುದ್ಬುಟ್ಟು ಓಗ್ಲಿ ಬುಡು. ನಿನ್ ರೋಡೇನು ಸವ್ದೋಯ್ತದಾ?" ಎಂದಿದ್ದಳು. "ಅದ್ನೇ ಬೇಯ್ಸಿ ಬಸ್ಸಾರು ಮಾಡುದ್ರೆ ಸೊರ್ ಅಂತ ಕುಡಿಯಾಕೆ ಬತ್ತೀಯ. ಆಗೆಲ್ಲೋಯ್ತದೆ ನಿನ್ ಕಾನೂನು?"

ಅವತ್ತೂ ಸಾರು ಕುಡಿದು ಬಂದಿದ್ದೆ.

ಈಗ ಮುಂದಿನ ಸೀಟಿನಲ್ಲಿ ಮೈಸೂರಿನಿಂದ ರಸ್ತೆ ನೋಡಲು ಬಂದ ಮೇಲಧಿಕಾರಿ. ಅಕ್ಕನ ಮನೆ ಹತ್ತಿರವಾದಂತೆ ಜೀಪು ಕೆಟ್ಟು ನಿಲ್ಲಲಿ ಎಂದು ಬೇಡಿಕೊಂಡೆ. ನಿಂತಿತು, ಸರಿಯಾಗಿ ಹುರುಳಿಯ ಮೇಲೆ. ಸಾಹೇಬರೇ ನಿಲ್ಲಿಸಿದ್ದರು.

"ಯಾರದ್ರೀ ಇದು?" ಎಂದು ನನ್ನನ್ನು ಕೇಳಿದರು.

ಅಕ್ಕ ಕವೆಗೋಲು ಹಿಡಿದು ಅಲ್ಲೇ ಗಿಡ ತಿರುವಿ ಹಾಕುತ್ತಿದ್ದಳು. ತಲೆಗೆ ಭಾವನ ಹಳೆಯ ಟವೆಲು, ಮೈಯೆಲ್ಲ ಧೂಳು. ಇವಳು ನಮ್ಮಕ್ಕ ಎನ್ನಲು ಬಾಯಿ ತೆರೆದೆ. ತೆರೆದದ್ದು ನಿಜ. ಆದರೆ ಹೇಗೆ ಹೇಳಿದರೆ ಏನಾದೀತು ಎಂದು ಲೆಕ್ಕ ಹಾಕುತ್ತಾ ಹಾಗೇ ಇದ್ದೆ. ಅಕ್ಕ ನನ್ನ ಮುಖ ನೋಡಿದಳು. ಟವೆಲು ತೆಗೆದು ಸೊಂಟಕ್ಕೆ ಸಿಕ್ಕಿಸಿದಳು.

"ನಮ್ದೇ ಸಾಮಿ, ತಪ್ಪಾಯ್ತು" ಎಂದಳು ಅವರಿಗೆ. ನನ್ನ ಕಡೆ ಕೈ ತೋರಿಸಿ, "ಈ ಸಾಹೇಬ್ರು ಓದ ವಾರನೇ ಬಂದು ಬೈದು ಓಗಿದ್ರು. ನಾನೇ ಕೇಳ್ನಿಲ್ಲ."

"ಬೇಗ ತೆಗೀರಮ್ಮ" ಎಂಬ ದನಿ ಕೇಳಿಸಿತು. ಸಾಹೇಬರದ್ದಲ್ಲ, ನನ್ನದು.

"ಆಯ್ತು ಸಾಮಿ" ಎಂದು ಅಕ್ಕ ಬಗ್ಗಿ ಬಾಚತೊಡಗಿದಳು. ಜೀಪು ಹೊರಟಿತು. "ಪರವಾಗಿಲ್ಲ, ಜನ ನಿಮ್ಮ ಮಾತಿಗೆ ಹೆದರ್ತಾರೆ" ಎಂದರು ಸಾಹೇಬರು. ನಾನು ಥ್ಯಾಂಕ್ಸ್ ಬೇರೆ ಹೇಳಿದೆ.

ಯಾರೂ ಬೀಳಲಿಲ್ಲ, ಬೆಂಕಿ ಹತ್ತಲಿಲ್ಲ, ಕೆಲಸವೂ ಹೋಗಲಿಲ್ಲ. ಹುರುಳಿಯನ್ನು ಅಂಗಳಕ್ಕೆ ಎಳೆದು ಕೋಲಿನಲ್ಲಿ ಬಡಿದರಂತೆ. ಮುಂದಿನ ಭಾನುವಾರ ಎಂದಿನಂತೆ ಊಟಕ್ಕೆ ಹೋದೆ. ನೆಲದ ಮೇಲೆ ಕೂರಲು ಹೊರಟವನಿಗೆ ಅಕ್ಕ ಒಳಗಿನಿಂದ ಕುರ್ಚಿ ತಂದು ಹಾಕಿದಳು.

"ಏನಕ್ಕ ಇದು, ತಮಾಷೆನಾ?" ಎಂದೆ.

"ತಮಾಸೆ ಯಾಕೆ? ಕೂತ್ಕಳಿ" ಎಂದಳು.

ಸಾರು ಎಂದಿನ ಹಾಗೇ ಇತ್ತು. ಅವಳು ಮಾತ್ರ ಮತ್ತೆಂದೂ ನನ್ನನ್ನು 'ಲೇ' ಅನ್ನಲಿಲ್ಲ.