ಬಾಡಿದ ಪ್ಲಾಟುಗಳ ಮೇಷ್ಟ್ರು

2011ರಲ್ಲಿ ನಾನು ಹೆಬ್ಬಾಳದ ಕಡೆಯ ಒಂದು ಕೃಷಿ ಸಂಶೋಧನಾ ಕೇಂದ್ರದಲ್ಲಿ ರಾಗಿ ತಳಿ ವಿಜ್ಞಾನಿಯಾಗಿದ್ದೆ. ನಿವೃತ್ತಿಗೆ ಮೂರು ವರ್ಷ ಬಾಕಿ ಇತ್ತು. ಹನ್ನೆರಡು ವರ್ಷ ಸಾಕಿದ ಒಂದು ತಳಿ ಕೈಯಲ್ಲಿತ್ತು. ಅದಕ್ಕಿನ್ನೂ ಹೆಸರಿರಲಿಲ್ಲ, ಆರನೇ ನಂಬರ್ ಎಂದು ಕರೆಯುತ್ತಿದ್ದೆವು. ತೆನೆ ಒಡೆಯುವ ಹೊತ್ತಿಗೆ ಮಳೆ ಮೂರು ವಾರ ಕೈಕೊಟ್ಟರೂ ತಡೆದು ನಿಲ್ಲುವ ರಾಗಿ ಅದು ಎಂದು ನಾನು ನಂಬಿದ್ದೆ. ಆದರೆ ನಂಬಿಕೆಯನ್ನು ತಳಿ ಬಿಡುಗಡೆ ಸಮಿತಿಯವರು ಕೇಳುವುದಿಲ್ಲ, ಅಂಕಿ ಕೇಳುತ್ತಾರೆ. ಕೇಂದ್ರದ ಜಮೀನಿನಲ್ಲಿ ಗೆದ್ದದ್ದು ಸಾಲದು, ರೈತರ ಹೊಲದಲ್ಲೂ ಮೂರು ಹಂಗಾಮು ಗೆಲ್ಲಬೇಕಿತ್ತು. ಎರಡು ಮುಗಿದಿದ್ದವು. ಮೂರನೆಯದನ್ನು ನಾನು ಹಠ ಹಿಡಿದು ಸಿಂಗಾಪುರದಲ್ಲಿ, ನಂಜುಂಡಪ್ಪ ಮೇಷ್ಟ್ರ ಹೊಲದಲ್ಲಿ ಹಾಕಿಸಿದೆ.

ಸಿಂಗಾಪುರ ನನ್ನ ಹುಟ್ಟೂರು. ಈಗ ವಿದ್ಯಾರಣ್ಯಪುರಕ್ಕೆ ಅಂಟಿಕೊಂಡ ಲೇಔಟು, ನಾನು ಹುಡುಗಿಯಾಗಿದ್ದಾಗ ಅಪ್ಪಟ ಹಳ್ಳಿ. ಐದನೇ ಕ್ಲಾಸಿನ ಗಣಿತದಲ್ಲಿ ನನಗೆ ಬಂದದ್ದು ನೂರಕ್ಕೆ ಹನ್ನೊಂದು. ಅಪ್ಪ, ಇವಳ ತಲೆಗೆ ಓದು ಹತ್ತಲ್ಲ ಎಂದು ದನ ಕಾಯಲು ಬಿಟ್ಟರು. ಮಾರನೇ ದಿನವೇ ಮೇಷ್ಟ್ರು ಬಂದು ನಮ್ಮ ಜಗಲಿಯ ಮೇಲೆ ಕೂತರು. ಅವ್ವ ಕೊಟ್ಟ ಕಾಫಿ ಆರಿಹೋದರೂ ಮುಟ್ಟಲಿಲ್ಲ. “ಕಳಿಸ್ತೀನಿ ಅನ್ನೋವರೆಗೂ ನಾನು ಏಳಲ್ಲ” ಅಂದರು. ಜಾಣ ಮಕ್ಕಳನ್ನು ಅವರ ಪಾಡಿಗೆ ಬಿಟ್ಟು, ಹಿಂದುಳಿದವರನ್ನು ಸ್ಕೂಲು ಬಿಟ್ಟ ಮೇಲೆ ಒಂದು ಗಂಟೆ ಕೂರಿಸಿಕೊಳ್ಳುವುದು ಅವರ ಪದ್ಧತಿ. ಆ ಒಂದು ಗಂಟೆಯ ಗುಂಪಿನಲ್ಲಿ ನಾನು ಎರಡು ವರ್ಷ ಇದ್ದೆ.

ಏಳನೇ ಕ್ಲಾಸಿನಲ್ಲಿ ಯಾರು ಏನಾಗುತ್ತೀರಿ ಎಂದು ಕೇಳಿದಾಗ ನಾನು ಎದ್ದು ನಿಂತು, “ನೀರಿಲ್ದಿದ್ರೂ ಬಾಡದ ರಾಗಿ ಮಾಡ್ತೀನಿ” ಅಂದಿದ್ದೆ. ಕ್ಲಾಸೆಲ್ಲ ನಕ್ಕಿತು. ಮೇಷ್ಟ್ರು ನಗಲಿಲ್ಲ. “ಮಾಡು ಜಯಾ. ಮಾಡಿದ್ಮೇಲೆ ಮೊದ್ಲು ನನಗೆ ತೋರ್ಸು” ಅಂದರು. ಅವರ ಋಣ ತೀರಿಸಲು ನನಗೆ ಗೊತ್ತಿದ್ದ ದಾರಿ ಅದೊಂದೇ.

2011ರ ಹೊತ್ತಿಗೆ ಅವರಿಗೆ ಎಪ್ಪತ್ತೊಂಬತ್ತು. ಸುತ್ತ ಮನೆಗಳೆದ್ದು, ನಡುವೆ ಅವರ ಹತ್ತು ಗುಂಟೆ ಮಾತ್ರ ಹೊಲವಾಗಿ ಉಳಿದಿತ್ತು. ಮಗ ಗಂಗಾಧರ ಮನೆ ಕಟ್ಟಿಸಿ ಮಾರುವ ಕೆಲಸ ಹಿಡಿದಿದ್ದ. ಆ ವರ್ಷವೇ ಅಲ್ಲಿ ಸೈಟು ಮಾಡಬೇಕೆಂದಿದ್ದವನನ್ನು ಮೇಷ್ಟ್ರು, “ಜಯಾಂದು ರಾಗಿ ಆಗ್ಲಿ, ಆಮೇಲೆ ಏನಾರ ಮಾಡ್ಕೊ” ಎಂದು ತಡೆದಿದ್ದರು.

ನಮ್ಮ ಪ್ರಯೋಗದ ಕ್ರಮವನ್ನು ಇಲ್ಲಿ ಸ್ವಲ್ಪ ಹೇಳಬೇಕು. ಎಂಟು ತಳಿ, ಅವುಗಳಲ್ಲಿ ಒಂದು ‘ಚೆಕ್’, ಅಂದರೆ ರೈತರು ಈಗಾಗಲೇ ಬೆಳೆಯುತ್ತಿರುವ, ಹೋಲಿಕೆಗೆಂದು ಹಾಕುವ ತಳಿ. ಪ್ರತಿಯೊಂದನ್ನೂ ಮೂರು ಬೇರೆ ಬೇರೆ ಜಾಗದಲ್ಲಿ, ಸಾಲಿನ ಕ್ರಮ ಕಲಸಿ ಬಿತ್ತುತ್ತೇವೆ. ಒಟ್ಟು ಇಪ್ಪತ್ನಾಲ್ಕು ಪ್ಲಾಟು, ಬದುಗಳೂ ಸೇರಿ ಎರಡು ಗುಂಟೆ. ನಿಯಮ ಒಂದೇ: ಎಲ್ಲಕ್ಕೂ ಸಮನಾದ ಆರೈಕೆ, ಮಳೆ ಬಿಟ್ಟರೆ ಬೇರೆ ನೀರಿಲ್ಲ. ಇದನ್ನು ಮೇಷ್ಟ್ರಿಗೆ ವಿವರಿಸಿದೆ, ಅವರು ತಲೆಯಾಡಿಸಿದರು. ಆಮೇಲೆ ವಿಜ್ಞಾನಿ ಮಾಡಬಾರದ ಕೆಲಸವೊಂದನ್ನು ಮಾಡಿದೆ. ಆರನೇ ನಂಬರಿನ ಮೂರೂ ಪ್ಲಾಟು ತೋರಿಸಿ, “ಇದು ನಂದು ಮೇಷ್ಟ್ರೇ, ಪಾಸಾಗೋದು ಗ್ಯಾರಂಟಿ” ಎಂದು ಕೊಚ್ಚಿಕೊಂಡೆ.

ಸೆಪ್ಟೆಂಬರಿನಲ್ಲಿ ಮಳೆ ನಿಂತಿತು. ಊರೆಲ್ಲ ಮೋಡ ನೋಡುತ್ತಿದ್ದರೆ, ಬಿಸಿಲು ಕಂಡು ಹಿಗ್ಗುತ್ತಿದ್ದವಳು ನಾನೊಬ್ಬಳೇ. ಇಪ್ಪತ್ತೆರಡನೇ ದಿನ ಜೀಪಿನಲ್ಲಿ ಸಿಂಗಾಪುರಕ್ಕೆ ಹೋದೆ. ಬದುವಿನ ಮೇಲೆ ನಿಂತು ಕಣ್ಣು ಹಾಯಿಸಿದೆ. ಮಿಕ್ಕ ಏಳು ತಳಿಗಳೂ ಎಲೆ ಬಿಚ್ಚಿಕೊಂಡು ಹಸಿರಾಗಿದ್ದವು. ಎಲೆಯ ತುದಿ ಸುರುಳಿ ಸುತ್ತಿಕೊಂಡು ಮಂಕಾಗಿ ನಿಂತಿದ್ದದ್ದು ಆರನೇ ನಂಬರ್ ಒಂದೇ. ಮೂರೂ ಜಾಗದಲ್ಲಿ ಅದೇ ಕಥೆ. ಹನ್ನೆರಡು ವರ್ಷ ನಾನು ಕಂಡದ್ದೆಲ್ಲ ಭ್ರಮೆಯೋ ಏನೋ ಅನ್ನಿಸಿತು.

ಪ್ರತಿ ಪ್ಲಾಟು ಎಷ್ಟು ಬಾಡಿದೆ ಎಂದು ಪುಸ್ತಕದಲ್ಲಿ ಅಂಕಿ ಬರೆದುಕೊಂಡೆ. ಮೇಷ್ಟ್ರು ಅತ್ತಿತ್ತ ನೋಡುತ್ತಾ, “ಬಾ, ಊಟ ಮಾಡು” ಎಂದಷ್ಟೇ ಹೇಳಿದರು. ಸೊಸೆ ಸರೋಜ ಮುದ್ದೆಗೆ ಅಣ್ಣೆ ಸೊಪ್ಪಿನ ಸಾರು ಬಡಿಸಿದಳು. ನಮ್ಮ ಕಡೆ ಮಳೆ ಬಿದ್ದಾಗ ರಾಗಿ ಹೊಲದಲ್ಲಿ ತಾನಾಗಿ ಏಳುವ ಸೊಪ್ಪು ಅದು. ಎರಡು ತುತ್ತು ನುಂಗಿದವಳು ಮೂರನೆಯದಕ್ಕೆ ನಿಂತೆ. ಸೊಪ್ಪು ಎಳೆಯದಾಗಿತ್ತು.

“ಸರೋಜ, ಮಳೆ ಇಲ್ದೆ ಇಷ್ಟು ಎಳೇದು ಎಲ್ಲಿ ಸಿಕ್ತು?”

“ನಮ್ ಒಲದಾಗೇ ಅಕ್ಕ. ಮಾವ ದಿನಾ ಬೆಳಿಗ್ಗೆ ಬಿಂದಿಗೆಲಿ ನೀರ್ ಉಯ್ತಾರಲ್ಲ, ಅಲ್ಲಿ ವಸಿ ಚೆನ್ನಾಗ್ ಬಂದೈತೆ.”

ಕೈ ತೊಳೆಯದೆ ಹೊಲಕ್ಕೆ ಹೋದೆ. ಹಸಿರಾಗಿದ್ದ ಪ್ಲಾಟಿನ ಮಣ್ಣು ಕೆದಕಿದರೆ ತೇವ. ನನ್ನ ಪ್ಲಾಟಿನ ಮಣ್ಣು ಹುಡಿ ಹುಡಿ. ಹಿಂದೆಯೇ ಕೋಲೂರಿಕೊಂಡು ಬಂದ ಮೇಷ್ಟ್ರ ಮೇಲೆ ಜೀವನದಲ್ಲಿ ಮೊದಲ ಸಲ ದನಿ ಎತ್ತಿದೆ.

“ನೀರು ಹಾಕ್ಬಾರ್ದು ಅಂತ ಹೇಳಿರ್ಲಿಲ್ವಾ? ಅದೂ ಹಾಕಿದ್ದು ಹಾಕಿದ್ರಿ, ನಂದೊಂದು ಬಿಟ್ಟು ಮಿಕ್ಕಿದ್ದಕ್ಕೆಲ್ಲ!”

ಅವರು ತಪ್ಪು ಮಾಡಿ ಸಿಕ್ಕಿಬಿದ್ದ ಮಗುವಿನಂತೆ ನೆಲ ನೋಡಿದರು. “ನಿಂದು ಹೆಂಗೂ ಪಾಸಾಗೋದು ಅಂತ ನೀನೇ ಹೇಳಿದ್ದೆ ಕಣಮ್ಮ. ಮಿಕ್ಕಿದ್ವು ಪಾಪ, ಐದನೇ ದಿನಕ್ಕೇ ತಲೆ ಬಗ್ಗಿಸ್ಬಿಟ್ವು. ಕಣ್ಣಾರೆ ನೋಡ್ಕೊಂಡು ಹೆಂಗೆ ಸುಮ್ನಿರ್ಲಿ?”

ಮೂವತ್ನಾಲ್ಕು ವರ್ಷ ಸ್ಕೂಲಿನಲ್ಲಿ ಅವರು ಮಾಡಿದ್ದೂ ಇದನ್ನೇ. ನೂರಕ್ಕೆ ಹನ್ನೊಂದು ತಂದವಳಿಗೆ ಸಂಜೆ ಐದರವರೆಗೆ ನೀರು ಹೊಯ್ದ ಕೈಯೇ ಅದು. ಅವರಿಗೆ ಆ ದುರಭ್ಯಾಸ ಇಲ್ಲದಿದ್ದರೆ ನಾನಿವತ್ತು ಜೀಪಿನಲ್ಲಿ ಬಂದು ಅವರ ಮೇಲೆ ಕೂಗಾಡುವ ಪ್ರಶ್ನೆಯೇ ಇರುತ್ತಿರಲಿಲ್ಲ. ಬದುವಿನ ಮೇಲೆ ಕೂತು ಅತ್ತೆ. ಪ್ರಯೋಗ ಕೆಟ್ಟದ್ದಕ್ಕೂ ಅತ್ತೆ, ಅವರ ಮೇಲೆ ಕೂಗಿದ್ದಕ್ಕೂ ಅತ್ತೆ.

ಕೇಂದ್ರದಲ್ಲಿ ನಮ್ಮ ಮುಖ್ಯಸ್ಥರು ಸುಲಭದ ದಾರಿ ತೋರಿಸಿದರು. “ಗಿಳಿ ಹಾವಳಿ ಅಂತ ಬರೆದು ಆ ಜಾಗ ಕೈಬಿಡಿ. ಮುಂದಿನ ವರ್ಷ ಬೇರೆ ಯಾರದಾದರೂ ಹೊಲ ನೋಡಿ.” ಗಿಳಿಗಳು ಬಂದು ಸಾಕ್ಷಿ ಹೇಳುವುದಿಲ್ಲ ನಿಜ. ಆದರೂ ಕಾರಣದ ಕಾಲಂ ಖಾಲಿ ಬಿಟ್ಟು, ಆ ಅಂಕಿಗಳಿದ್ದ ವರದಿಯ ಫಾರಂ ಹಿಡಿದು ನಾನು ಮತ್ತೆ ಸಿಂಗಾಪುರಕ್ಕೇ ಹೋದೆ. ಮೇಷ್ಟ್ರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು.

“ತಪ್ಪು ಲೆಕ್ಕನ ಹೆಂಗೆ ಹೊಡೀಬೇಕು ಅಂತ ಹೇಳ್ಕೊಟ್ಟಿದ್ದೆ?”

“ಒಂದೇ ಗೆರೆ ಮೇಷ್ಟ್ರೇ. ಕೆಳಗಿರೋದು ಓದೋಕೆ ಬರ್ಬೇಕು.”

“ಹಂಗಾದ್ರೆ ಎಳಿ.”

ಇಪ್ಪತ್ನಾಲ್ಕು ಅಂಕಿಗಳ ಮೇಲೂ ಒಂದೊಂದೇ ಗೆರೆ ಎಳೆದೆ. ಕಾರಣದ ಕಾಲಂನಲ್ಲಿ ಅವರು ನನ್ನ ಪೆನ್ನು ಇಸಿದುಕೊಂಡು ತಾವೇ ಬರೆದರು: ನೀರು ಹೊಯ್ದವನು ನಾನು. ಕೆಳಗೆ ಸಹಿ. ಆ ಹಾಳೆಯನ್ನು ಹಾಗೆಯೇ ಸಲ್ಲಿಸಿದೆ.

ಮರುವರ್ಷವೂ ಅದೇ ಹೊಲದಲ್ಲಿ ಬಿತ್ತುತ್ತೇನೆ ಎಂದಾಗ ಗಂಗಾಧರ ತಲೆ ಕೆರೆದುಕೊಂಡ. “ಜಯಕ್ಕ, ಬೇಜಾರ್ ಮಾಡ್ಕೋಬೇಡ. ಯಲಹಂಕದ ಕಡೆ ಎಲ್ಲಾದ್ರೂ ಹಾಕ್ಬಾರ್ದಾ? ಅಪ್ಪನ್ನ ತಡೆಯೋರ್ಯಾರು?” ಅವನ ಪ್ರಶ್ನೆ ನ್ಯಾಯವಾಗಿತ್ತು. ನನಗೂ ಇನ್ನೊಂದು ಹಂಗಾಮು ಕೆಟ್ಟರೆ ನಿವೃತ್ತಿಯೊಳಗೆ ಕೆಲಸ ಮುಗಿಯುತ್ತಿರಲಿಲ್ಲ. ಆದರೆ ಬೇರೆ ಕಡೆ ಗೆದ್ದುಕೊಂಡು ಬಂದರೆ, ಜಯಾಳ ರಾಗಿ ಕೆಡಿಸಿದವನು ನಾನು ಎಂಬ ಮಾತು ಮೇಷ್ಟ್ರ ಮನಸ್ಸಿನಲ್ಲಿ ಉಳಿದುಬಿಡುತ್ತಿತ್ತು. “ಇಲ್ಲೇ ಹಾಕ್ತೀನಿ ಗಂಗಾಧರ. ಅವ್ರ ಕಣ್ಣೆದುರಿಗೇ” ಅಂದೆ. ಅವನು, “ಆಯ್ತು, ಇನ್ನೊಂದ್ ವರ್ಷ ತಾನೆ” ಅಂದ.

2012ರಲ್ಲೂ ತೆನೆ ಒಡೆಯುವ ಕಾಲಕ್ಕೆ ಮಳೆ ಕೈಕೊಟ್ಟಿತು. ಆರನೇ ದಿನ ಮೇಷ್ಟ್ರೇ ಫೋನ್ ಮಾಡಿ ಕರೆಸಿಕೊಂಡು, ಹೊಲದ ಮೂಲೆಯ ನಲ್ಲಿಗೆ ಬೀಗ ಹಾಕಿ ಬೀಗದ ಕೈ ನನ್ನ ಕೈಗಿಟ್ಟರು. “ನಿನ್ನ ಹತ್ರ ಇರ್ಲಿ. ನನ್ನ ನಂಬಬೇಡ.” ಅಲ್ಲಿಂದ ನಾನು ದಿನ ಬಿಟ್ಟು ದಿನ ಹೋಗುತ್ತಿದ್ದೆ. ಹೋದಾಗಲೆಲ್ಲ ಅವರು ಬದುವಿನ ಮೇಲೆ ಹೊಲಕ್ಕೆ ಬೆನ್ನು ಹಾಕಿ, ರಸ್ತೆ ಕಡೆ ಮುಖ ಮಾಡಿ ಕೂತಿರುತ್ತಿದ್ದರು. ಬಾಡುವ ಪೈರನ್ನು ಅವರಿಗೆ ನೋಡಲಾಗುತ್ತಿರಲಿಲ್ಲ, ಎದ್ದು ಹೋಗಲೂ ಆಗುತ್ತಿರಲಿಲ್ಲ. ಎಂಬತ್ತರ ಆ ಮನುಷ್ಯ ಹತ್ತೊಂಬತ್ತು ದಿನ ಹೀಗೆ ಕೂತರು. ನನ್ನ ವೃತ್ತಿಯಲ್ಲಿ ಅಷ್ಟು ಗಟ್ಟಿ ಮನಸ್ಸನ್ನು ನಾನು ಮತ್ತೆಲ್ಲೂ ಕಾಣಲಿಲ್ಲ.

ಡಿಸೆಂಬರಿನಲ್ಲಿ ಕೊಯ್ದು ತೂಗಿದೆವು. ಚೆಕ್ ತಳಿ ಪ್ಲಾಟಿಗೆ ಸರಾಸರಿ ಎಂಟುನೂರು ಗ್ರಾಂ ಮುಟ್ಟಲಿಲ್ಲ. ಆರನೇ ನಂಬರ್ ಒಂದು ಕಿಲೋ ನಾನೂರು ಗ್ರಾಂ ಕೊಟ್ಟಿತು. 2014ರಲ್ಲಿ, ನಾನು ನಿವೃತ್ತಳಾಗುವ ಒಂದು ತಿಂಗಳು ಮೊದಲು, ಸಮಿತಿ ಅದನ್ನು ಒಪ್ಪಿತು.

ಅಂದು ಸಂಜೆಯೇ ಐದು ಕಿಲೋ ಬೀಜದ ಚೀಲ ಹಿಡಿದು ಸಿಂಗಾಪುರಕ್ಕೆ ಹೋದೆ. ಹೊಲವಿದ್ದ ಜಾಗದಲ್ಲಿ ಪಾಯ ತೋಡಿದ್ದರು. ಮೇಷ್ಟ್ರು ಮನೆ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಪಾದ ಮುಟ್ಟಿ ಚೀಲವನ್ನು ಅವರ ಮುಂದಿಟ್ಟು, “ಪಾಸಾಯ್ತು ಮೇಷ್ಟ್ರೇ” ಅಂದೆ. ಅವರು ಚೀಲ ಮುಟ್ಟಲಿಲ್ಲ.

“ಆ ಮಿಕ್ಕಿದ್ವು ಏನಾದ್ವು?”

ಸೋತ ತಳಿಗಳನ್ನು ಎಸೆಯುವುದು ನಮ್ಮಲ್ಲಿ ರೂಢಿ. ಜಾಗ ಸಾಲದು, ಸಮಯ ಸಾಲದು. ನಾನೂ ಮೂವತ್ತು ವರ್ಷ ಯೋಚಿಸದೆ ಎಸೆದವಳೇ. ಪ್ರಯೋಗದ ಪ್ಲಾಟಿಗೆ ಸಮನಾದ ನ್ಯಾಯ ಬೇಕು, ಅದರಲ್ಲಿ ಕರುಣೆಗೆ ಜಾಗವಿಲ್ಲ, ಇದು ನನ್ನ ಕೆಲಸ ನನಗೆ ಕಲಿಸಿದ್ದು. ತೂಕ ಮುಗಿದ ಮೇಲೆ ಸೋತದ್ದಕ್ಕೆ ಏನು ಮಾಡಿದೆ ಎಂದೂ ಒಬ್ಬರು ಕೇಳಬೇಕು, ಇದು ಮೇಷ್ಟ್ರಿಂದ ಕಲಿತದ್ದು. ಎರಡನ್ನೂ ಒಟ್ಟಿಗೆ ಹಿಡಿದುಕೊಂಡಿರುವುದೇ ವೃತ್ತಿ ಎಂದು ನನಗೆ ತಿಳಿದದ್ದು ತೀರಾ ತಡವಾಗಿ, ಆ ಬದುವಿನ ಮೇಲೆ.

“ಏಳೂ ಇವೆ ಮೇಷ್ಟ್ರೇ. ಚೀಟಿ ಅಂಟಿಸಿ ಬೀಜದ ಉಗ್ರಾಣದಲ್ಲಿ ಇಟ್ಟಿದ್ದೀನಿ. ಎರಡನ್ನ ನೀರಾವರಿ ಜಮೀನಲ್ಲಿ ಹಾಕಿ ನೋಡಿದ್ವಿ, ನೀರು ಕೊಟ್ರೆ ಚೆನ್ನಾಗೇ ಬರ್ತಾವೆ.”

ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು.

“ಸರಿ. ಈಗ ನಿಂದು ತೋರ್ಸು.”