ಶ್ರಾವಣ ಸೋಮವಾರದ ನೀರು

ನಾನು ಕಮಲಾಪುರದ ಒಂದು ಹೈಸ್ಕೂಲಿನಲ್ಲಿ ಹುಡುಗಿಯರಿಗೆ ಆಟ ಕಲಿಸುತ್ತೇನೆ. ಮನೆ ಕಲಬುರಗಿಯಲ್ಲಿ, ಕುಸನೂರ ಕಡೆ. ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತೇನೆ. "ನನ್ನ ಮಗಳು ಸೀಟಿ ಊದಿ ಪಗಾರ ತಗೋತಾಳ" ಎಂದು ಅವ್ವ ನೆಂಟರಿಗೆಲ್ಲ ಹೇಳುತ್ತಾಳೆ. ಅದರಲ್ಲಿ ಸುಳ್ಳೇನಿಲ್ಲ.

ಹವಾಮಾನ ಬದಲಾಗುತ್ತಿರುವುದು ನನಗೆ ತಿಳಿದದ್ದು ಸುಣ್ಣದ ಪುಡಿಯಿಂದ. ಖೋ-ಖೋ ಅಂಗಳಕ್ಕೆ ಸುಣ್ಣದ ಗೆರೆ ಹಾಕಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಶ್ರಾವಣ ಬಂತೆಂದರೆ ಮುಂಜಾನೆ ಹಾಕಿದ ಗೆರೆಯನ್ನು ಮಧ್ಯಾಹ್ನದ ಜಿಟಿಜಿಟಿ ಮಳೆ ತೊಳೆದುಬಿಡುತ್ತಿತ್ತು. ಬೈದುಕೊಳ್ಳುತ್ತ ಮತ್ತೆ ಹಾಕುತ್ತಿದ್ದೆ. ಈಗ ಸೋಮವಾರ ಹಾಕಿದ ಗೆರೆ ಶನಿವಾರವೂ ಹಾಗೇ ಇರುತ್ತದೆ, ಬಿಸಿಲಿಗೆ ಕಣ್ಣು ಕುಕ್ಕುತ್ತದೆ. ಆಮೇಲೆ ಯಾವುದೋ ಒಂದು ದಿನ ತಿಂಗಳ ಮಳೆಯೆಲ್ಲ ಒಂದೇ ತಾಸಿನಲ್ಲಿ ಸುರಿದು ಅಂಗಳ ಕೆರೆಯಾಗುತ್ತದೆ. ಬೇಸಿಗೆಯಲ್ಲಿ ಆಡಿಸುವುದನ್ನು ಬಿಟ್ಟು ಬಹಳ ವರ್ಷವಾಯಿತು. ತಾಲ್ಲೂಕು ಮಟ್ಟದ ಆಟಗಳು ಮಾತ್ರ ಈಗಲೂ ಶ್ರಾವಣದ ಆಸುಪಾಸಿನಲ್ಲೇ ಬರುತ್ತವೆ.

ಎರಡು ವರ್ಷದ ಹಿಂದೆ ನಮ್ಮ ತಂಡದಲ್ಲಿ ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಇದ್ದಳು. ಕಂಬದ ಹತ್ತಿರ ಅವಳನ್ನು ಮುಟ್ಟುವುದು ಯಾರಿಂದಲೂ ಆಗುತ್ತಿರಲಿಲ್ಲ. ಅಪ್ಪ ಇಲ್ಲ, ತಾಯಿ ಬಾಳೆ ತೋಟದ ಕೆಲಸಕ್ಕೆ ಹೋಗುವವಳು. ಮಗಳನ್ನು ಆಟಕ್ಕೆ ಬಿಡಲು ಆ ತಾಯಿಯನ್ನು ಒಪ್ಪಿಸುವುದಕ್ಕೆ ನನಗೆ ಒಂದು ವರ್ಷವೇ ಹಿಡಿದಿತ್ತು. ಜಿಲ್ಲಾ ಮಟ್ಟಕ್ಕೆ ಹೋದರೆ ಇವಳಿಂದಲೇ ಎಂದು ನಾನು ನಂಬಿದ್ದೆ.

ಆ ಶ್ರಾವಣದಲ್ಲಿ ಬಿಸಿಲಿಗೆ ಹುಡುಗಿಯರು ಹತ್ತು ನಿಮಿಷಕ್ಕೊಮ್ಮೆ ನೀರು ನೀರು ಎನ್ನುತ್ತಿದ್ದರು. ಒಂದು ಶನಿವಾರ ನನಗೆ ಸಿಟ್ಟು ಬಂತು. ನಮ್ಮ ಕಡೆಯವರಿಗೆ ಇದೊಂದು ರೋಗ, ಬಿಸಿಲನ್ನು ಸ್ವಂತ ಆಸ್ತಿ ಅಂದುಕೊಳ್ಳುತ್ತೇವೆ. ಬೇರೆ ಊರಿನವರು ಬೆವರು ಒರೆಸಿಕೊಂಡರೆ ನಗುತ್ತೇವೆ. ನಾನೂ ಹಾಗೇ ಶುರು ಮಾಡಿದೆ. "ನಾ ನಿಮ್ಮಷ್ಟಿದ್ದಾಗ ಶ್ರಾವಣ ಸೋಮವಾರ ಉಪವಾಸ ಇರತಿದ್ದೆ. ಸಂಜಿ ಪೂಜಿ ಆಗೂತನಕ ಒಂದು ಹನಿ ನೀರು ಮುಟ್ಟತಿರ್ಲಿಲ್ಲ. ಹಂಗೇ ತಾಲ್ಲೂಕಾ ಗೆದ್ದೀನಿ. ಈಗೂ ಒಂದು ಸೋಮವಾರ ಬಿಟ್ಟಿಲ್ಲ."

ಅಷ್ಟೂ ನಿಜವೇ. ಹುಡುಗಿಯರು ಬಾಯಿ ಬಿಟ್ಟುಕೊಂಡು ಕೇಳಿದರು, ನನಗೂ ಒಳಗೊಳಗೆ ಖುಷಿಯಾಯಿತು.

ಮುಂದಿನ ಸೋಮವಾರ ಶಾಲೆ ಬಿಟ್ಟ ಮೇಲೆ ಆಟ ಶುರುವಾಯಿತು. ಆ ಹುಡುಗಿ ಎರಡು ಸಲ ಕಂಬ ಸುತ್ತಿದಳು, ಮೂರನೇ ಸಲಕ್ಕೆ ಕಂಬವನ್ನೇ ಅಪ್ಪಿಕೊಂಡು ಜಾರಿ ಕೂತಳು. ಕಾಲು ಉಳುಕಿತೇನೋ ಎಂದು ಓಡಿದೆ. ಮುಟ್ಟಿದರೆ ಮೈ ಹಂಚಿನಂತೆ ಕಾದಿತ್ತು, ಬೆವರೇ ಇರಲಿಲ್ಲ. ಬೇವಿನ ಗಿಡದ ಕೆಳಗೆ ಮಲಗಿಸಿ ತಲೆಗೆ ನೀರು ಸುರಿದೆವು. ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಸಲೈನ್ ಹಚ್ಚಿದರು. ಇನ್ನೊಂದಿಷ್ಟು ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಹೇಳಿದರು.

ತಾಯಿ ತೋಟದಿಂದ ಹಾಗೇ ಬಂದಳು. ನನ್ನ ಮೇಲೆ ಕೂಗಾಡಿದ್ದರೆ ತಡೆದುಕೊಳ್ಳಬಹುದಿತ್ತು. ಆಕೆ ಮಗಳ ಪಾದ ಒತ್ತುತ್ತ ತಣ್ಣಗೆ ಹೇಳಿದಳು.

"ಮುಂಜಾನಿಂದ ನೀರು ಕುಡದಿಲ್ಲ್ರೀ ಮೇಡಂ ಆಕಿ. ಕುಡಿ ಅಂದ್ರ ನಮ್ಮ ಮೇಡಂ ಕುಡಿಯಂಗಿಲ್ಲ ಅಂದಳು."

ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹುಡುಗಿಯರಿಗೆ ನೂರು ಸಲ ಹೇಳಿದವಳು ನಾನು.

ಮನೆಗೆ ಬಂದು ಅವ್ವನಿಗೆ ಎಲ್ಲ ಹೇಳಿದೆ. ಅವ್ವ ಹೊಸ್ತಿಲಲ್ಲಿ ಕೂತು ತೊಗರಿಬೇಳೆ ಹಸನು ಮಾಡುತ್ತಿದ್ದಳು. ನಾನು ತಾಲ್ಲೂಕು ಗೆದ್ದ ಸೋಮವಾರದ ಮಾತು ಬಂದಾಗ ಮೊರ ಕೆಳಗಿಟ್ಟಳು.

"ಅವತ್ತ ನಿನಗ ನೀರಡಿಕಿ ಎಲ್ಲಿ ಆಗಿತ್ತು? ಎಂಟು ದಿನ ಹಿಡಕೊಂಡಿದ್ದ ಮಳಿ. ಚಳಿಗೆ ನಡಗಕೋತ ಮನಿಗೆ ಬಂದಿದ್ದಿ. ಒಲಿ ಮುಂದ ಕುಂಡ್ರಿಸಿ ನಿನ್ನ ಲಂಗ ಒಣಗಿಸೀನಿ ನಾ."

ಅವ್ವ ಹೇಳಿದ ಮೇಲೆ ನೆನಪಾಯಿತು. ಒದ್ದೆ ಲಂಗ, ಒಲೆಯ ಹೊಗೆ, ಕುಸನೂರಿನ ದಾರಿಯಲ್ಲಿ ಚಪ್ಪಲಿಗೆ ಅಂಟುತ್ತಿದ್ದ ಎರೆಮಣ್ಣು. ಆ ಮಣ್ಣಿದ್ದ ಹೊಲಗಳಲ್ಲಿ ಈಗ ಮನೆಗಳು ಎದ್ದಿವೆ. ಇಷ್ಟು ವರ್ಷ ನಾನು ಹೆಮ್ಮೆಪಟ್ಟ ಉಪವಾಸದಲ್ಲಿ ನನ್ನ ಗಟ್ಟಿತನದ್ದು ಅರ್ಧ, ಆ ಮಳೆಯದು ಅರ್ಧ. ಈಚೆಗೆ ಸೋಮವಾರಗಳಂದು ಮಧ್ಯಾಹ್ನಕ್ಕೇ ನನಗೆ ತಲೆ ಸಿಡಿಯುತ್ತಿತ್ತು. ವಯಸ್ಸಾಯಿತು ಎಂದುಕೊಂಡು ಸುಮ್ಮನಿರುತ್ತಿದ್ದೆ.

"ಆ ಶಿವಗ ಇವತ್ತ ಮುಂಜಾನಿಂದ ಕೊಡಗಟ್ಟಲೆ ನೀರು ಹಾಕ್ಯಾರ," ಎಂದಳು ಅವ್ವ, ಮತ್ತೆ ಮೊರ ಎತ್ತಿಕೊಳ್ಳುತ್ತ. "ನೀವು ಒಂದು ಗುಟುಕು ಕುಡದ್ರ ಅಂವಗೇನು ಕಡಿಮಿ ಆಗ್ತದ?"

ಹುಡುಗಿ ನಾಲ್ಕು ದಿನಕ್ಕೆ ಚೇತರಿಸಿಕೊಂಡಳು. ತಾಲ್ಲೂಕು ಆಟಕ್ಕೆ ಹತ್ತು ದಿನವೂ ಉಳಿದಿರಲಿಲ್ಲ. ಶುಕ್ರವಾರ ನಾನೇ ಅವರ ಮನೆಗೆ ಹೋದೆ. ತಾಯಿ ಚಹಾ ಕೊಟ್ಟಳು. ನಾನು ತಪ್ಪು ನನ್ನದು ಎಂದೆ. ಆಕೆ ಒಳಗಿನ ಬಾಗಿಲ ಕಡೆ ನೋಡಿ ಹೇಳಿದಳು.

"ಬರೂ ಸೋಮವಾರನೂ ನೀರು ಬಿಡ್ತೀನಿ ಅಂತಾಳ್ರೀ. ಹ್ವಾದ ಸೋಮವಾರದ ಉಪವಾಸ ಕೆಟ್ಟದಂತ. ನನ್ನ ಮಾತು ಕೇಳಂಗಿಲ್ಲ. ಆಕಿ ನೀರು ಕುಡದ್ರ ಆಟಕ್ಕ ಕಳಸ್ತೀನಿ, ಇಲ್ಲಂದ್ರ ಇಲ್ಲ. ಇರಾಕಿ ಒಬ್ಬಾಕಿ ಮಗಳು ನನಗ."

ಹುಡುಗಿ ಒಳಗಿನ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ನೀನು ಕುಡಿಯಬೇಕು ಎಂದೆ. ತಲೆ ಅಲ್ಲಾಡಿಸಲೂ ಇಲ್ಲ. ಆ ಹಟ ನನಗೆ ಗುರುತಿತ್ತು. ಕಂಬದ ಹತ್ತಿರ ನಾನು ಮೆಚ್ಚಿಕೊಂಡದ್ದು ಅದನ್ನೇ.

ಸೋಮವಾರ ಆಟವನ್ನು ಮುಂಜಾನೆ ಏಳಕ್ಕೆ ಇಟ್ಟೆ. ಅದಕ್ಕಾಗಿ ಕಲಬುರಗಿಯಿಂದ ಮೊದಲನೇ ಬಸ್ಸು ಹಿಡಿದೆ. ಏಳಕ್ಕೇ ಬಿಸಿಲು ಚುರುಗುಟ್ಟುತ್ತಿತ್ತು, ಸುಣ್ಣದ ಗೆರೆ ಹೋದ ವಾರದ್ದೇ. ಹನ್ನೆರಡು ಹುಡುಗಿಯರೂ ಬಂದಿದ್ದರು. ಅವಳೂ ಬಂದಿದ್ದಳು, ಹಣೆಗೆ ವಿಭೂತಿ ಹಚ್ಚಿಕೊಂಡು. ತಾಯಿ ಗೇಟಿನ ಹತ್ತಿರ ನಿಂತಿದ್ದಳು, ಕೆಲಸಕ್ಕೆ ಹೋಗುವ ಬುತ್ತಿ ಕೈಯಲ್ಲೇ ಇತ್ತು.

ಎಲ್ಲರನ್ನೂ ಎರಡು ಸಾಲಾಗಿ ಕೂಡಿಸಿದೆ. ಮಾತು ಹೆಚ್ಚು ಬೇಡ ಎಂದು ಬಸ್ಸಿನಲ್ಲೇ ನಿರ್ಧರಿಸಿದ್ದೆ. "ನಾ ಹೇಳಿದ ಸೋಮವಾರ ಮಳಿ ಇತ್ತು. ಅದನ್ನ ನಾ ನಿಮಗ ಹೇಳಿರ್ಲಿಲ್ಲ" ಎಂದೆ. ಆಮೇಲೆ ನನ್ನ ನೀರಿನ ಬಾಟಲಿಯ ಮುಚ್ಚಳ ತೆಗೆದೆ.

ಲಂಗ ಹಾಕುವ ವಯಸ್ಸಿನಿಂದ ನಡೆಸಿಕೊಂಡು ಬಂದದ್ದು. ಕೈ ಸ್ವಲ್ಪ ತಡೆಯಿತು, ಸುಳ್ಳು ಯಾಕೆ ಹೇಳಲಿ. ದೇವರಿಗಿಂತ ಹೆಚ್ಚಾಗಿ, ಇನ್ನು ಮೇಲೆ ಹೇಳಿಕೊಳ್ಳಲು ನನ್ನ ಹತ್ತಿರ ಏನೂ ಉಳಿಯುವುದಿಲ್ಲವಲ್ಲ ಎನಿಸಿತು. ಕುಡಿದೆ. ಎಲ್ಲರಿಗೂ ಕಾಣುವ ಹಾಗೆ, ನಾಲ್ಕು ಗುಟುಕು.

ಹುಡುಗಿ ನನ್ನ ಗಂಟಲನ್ನೇ ನೋಡುತ್ತಿದ್ದಳು. "ಸಂಜಿ ಪೂಜಿ ಮಾಡ್ತೀರೇನ್ರೀ ಮೇಡಂ?" ಎಂದು ಕೇಳಿದಳು.

"ಮಾಡ್ತೀನಿ. ನೀನೂ ಮಾಡು."

ಕೈ ಚಾಚಿ ಬಾಟಲಿ ತೆಗೆದುಕೊಂಡು ಕುಡಿದಳು. ಗೇಟಿನ ಹತ್ತಿರ ತಾಯಿ ಸೆರಗು ಸರಿಮಾಡಿಕೊಂಡು ತೋಟದ ಕಡೆ ಹೊರಟಳು. ನಾನು ಸೀಟಿಗೆ ಕೈ ಹಾಕಿದೆ.

ಆದರೆ ಬಾಟಲಿ ನನ್ನ ಕಡೆ ತಿರುಗಿ ಬರಲಿಲ್ಲ. ಪಕ್ಕದ ಹುಡುಗಿ ತೆಗೆದುಕೊಂಡು ಗಟಗಟನೆ ಕುಡಿದಳು. ಆಮೇಲೆ ಅವಳ ಪಕ್ಕದವಳು. ಹಿಂದಿನ ಸಾಲಿನಿಂದ ಇನ್ನಿಬ್ಬರು ಎದ್ದು ಬಂದರು, ರಾತ್ರಿಯಿಂದಲೇ ನೀರು ಬಿಟ್ಟು ಅವರ ತುಟಿಗಳು ಒಣಗಿ ಬೆಳ್ಳಗಾಗಿದ್ದವು. ಹನ್ನೆರಡರಲ್ಲಿ ಐದು ಜನ ಉಪವಾಸವಿದ್ದರು. ನಾನು ಅವಳೊಬ್ಬಳೇ ಎಂದುಕೊಂಡಿದ್ದೆ.